ಸಹಾಯ ಬೇಕು: ಬೋಟಿನ ಕ್ಯಾಬಿನ್‌ನಲ್ಲಿ ಅಂಟಿಸಲು ‘ಯಾರು ದಾರಿ ಬಿಡಬೇಕು’ ಹಾಳೆ

ನಮಸ್ಕಾರ. ಮಲ್ಪೆ, ಮಂಗಳೂರು ಕಡೆಯ ಟ್ರಾಲ್ ಬೋಟಿನವರಿಗಾಗಿ (ಹಿಂದೆ ಬಲೆ ಎಳೆದು ಮೀನು ಹಿಡಿಯುವವರಿಗಾಗಿ) 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳನ್ನು ಒಂದೇ ಹಾಳೆಯಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇವೆ. ಕರಡು ತಿದ್ದುವವರು ಬೇಕು.

ಎದುರಾಬದುರಾದರೆ ಇಬ್ಬರೂ ಬಲಕ್ಕೆ. ಅಡ್ಡ ಬಂದರೆ, ಯಾರ ಬಲಗಡೆ ಇನ್ನೊಂದು ಬೋಟಿದೆಯೋ ಅವರು ದಾರಿ ಬಿಡಬೇಕು. ರಾತ್ರಿ ಅವರಿಗೆ ಕಾಣುವುದು ಅದರ ಕೆಂಪು ದೀಪ. ಹಿಂದಿಕ್ಕುವವರೇ ಸರಿದು ಹೋಗಬೇಕು. ಇಷ್ಟು ಸುಲಭ.

ತೊಡಕಿರುವುದು ಬಲೆಯಲ್ಲಿ. ಬೋಟು ಟ್ರಾಲ್ ಬಲೆ ಎಳೆಯುತ್ತಿದ್ದರೆ ಅದಕ್ಕೆ ಸಾಮಾನ್ಯ ಎಂಜಿನ್ ಹಡಗು ದಾರಿ ಬಿಡಬೇಕು (ಕಿರಿದಾದ ಕಾಲುವೆಯಲ್ಲಿ, ಹಡಗುಗಳಿಗೆ ಗೊತ್ತುಮಾಡಿದ ಪಥದಲ್ಲಿ ಮಾತ್ರ ಬೋಟೇ ಅಡ್ಡಿಯಾಗಬಾರದು). ಆದರೆ ಮೇಲೆ ಹಸಿರು, ಕೆಳಗೆ ಬಿಳಿ, ಸುತ್ತಲೂ ಕಾಣುವ ದೀಪ ಇಲ್ಲದಿದ್ದರೆ ಹಡಗಿನವರಿಗೆ ಗೊತ್ತಾಗುವುದು ಹೇಗೆ? ಡೆಕ್ಕಿನ ಫ್ಲಡ್‌ಲೈಟ್ ಪ್ರಖರವಾದರೂ ಆ ದೀಪಗಳು ಅಡಗಿಹೋಗುತ್ತವೆ. ಬಲೆ ಎತ್ತಿ ಬಂದರಿಗೆ ಓಡುವಾಗ ಆ ಹಸಿರು-ಬಿಳಿ ಜೋಡಿ ದೀಪವನ್ನು ಆರಿಸಲೇಬೇಕು. ಆಗ ಅದು ಬರೀ ಎಂಜಿನ್ ಬೋಟು, ವಿಶೇಷ ಹಕ್ಕಿಲ್ಲ.

ಈಗ ಪ್ರಶ್ನೆಗಳು. ಇನ್ನೊಂದು ಹಡಗು ಕಂಪಾಸಿನಲ್ಲಿ ಒಂದೇ ದಿಕ್ಕಿನಲ್ಲಿ ನಿಂತು ಹತ್ತಿರ ಬರುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂಬುದನ್ನು ಧಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಮಾತಿನಲ್ಲಿ ಹೇಗೆ ಹೇಳುತ್ತೀರಿ? ದಾರಿ ಪಡೆದವರು ವೇಗ, ದಿಕ್ಕು ಬದಲಿಸಬಾರದು. ಎದುರಿನವರು ಸರಿಯದಿದ್ದರೆ ಕನಿಷ್ಠ ಐದು ಚಿಕ್ಕ ಸೀಟಿ ಹಾಕಿ ತಾವೇ ತಪ್ಪಿಸಿಕೊಳ್ಳಬೇಕು, ಆದರೆ ಅಡ್ಡ ಬರುವ ಹಡಗು ತಮ್ಮ ಎಡಗಡೆ ಇದ್ದರೆ ಎಡಕ್ಕೆ ತಿರುಗಬಾರದು. ಇದನ್ನು ಎರಡೇ ಸಾಲಿಗೆ ಇಳಿಸಲಾಗುತ್ತಿಲ್ಲ. ಮಂಜಿನಲ್ಲಿ, ಒಬ್ಬರಿಗೊಬ್ಬರು ಕಾಣದಾಗ, ಈ ಹಕ್ಕಿನ ಲೆಕ್ಕವೇ ಇಲ್ಲ. ಅದನ್ನು ಬೇರೆ ಹಾಳೆಗೆ ಹಾಕಬೇಕೇ?

ತಾಂಡೇಲರು (ಬೋಟು ನಡೆಸುವವರು), ಹಡಗಿನಲ್ಲಿ ಕೆಲಸ ಮಾಡುವವರು ದಯವಿಟ್ಟು ಇಲ್ಲೇ ಬರೆಯಿರಿ.