ಹೊಸ ಹಾಯಿದೋಣಿ, ಆರೇ ವಾರ: ಆನೋಡ್ ಅರ್ಧ ಕರಗಿದೆ, ಫ್ರಿಜ್ ರಾತ್ರಿ ನಿಲ್ಲುತ್ತಿದೆ, ಬಿಲ್ಜ್‌ನಲ್ಲಿ ನೀರು

ಪಡುಗಾಳಿ:
ಎಲ್ಲರಿಗೂ ನಮಸ್ಕಾರ. ದೋಣಿ 34 ಅಡಿ, ಫೈಬರ್‌ಗ್ಲಾಸ್ ಹಲ್ (ದೋಣಿಯ ಮೈ), ಸೈಲ್‌ಡ್ರೈವ್ (ಎಂಜಿನ್‌ನಿಂದ ಹಲ್ ಕೆಳಗೆ ಇಳಿದು ಪ್ರೊಪೆಲ್ಲರ್ ತಿರುಗಿಸುವ ಕಾಲು), ಮೂರು ಎಲೆಯ ಫಿಕ್ಸೆಡ್ ಪ್ರೊಪೆಲ್ಲರ್. ಏಪ್ರಿಲ್ ಕೊನೆಗೆ ನೆದರ್‌ಲ್ಯಾಂಡ್ಸ್‌ನ ಎಂಕ್‌ಹೌಜೆನ್‌ನಲ್ಲಿ ನೀರಿಗಿಳಿಸಿ ಮಾಸ್ಟ್ ನಿಲ್ಲಿಸಿದರು. ಎರಡು ವಾರ ಅಲ್ಲೇ ಇತ್ತು. ಆಮೇಲೆ ಡೆನ್ ಊವರ್ ಲಾಕ್ (ದೋಣಿ ದಾಟಿಸುವ ಎರಡು ಬಾಗಿಲಿನ ಕಟ್ಟೆ) ದಾಟಿ ಡೆನ್ ಹೆಲ್ಡರ್‌ಗೆ ತಂದು ಒಂದು ತಿಂಗಳಾಯಿತು. ಮರೀನಾದಲ್ಲಿ ದಡದ ಕರೆಂಟ್ ಯಾವಾಗಲೂ ಸಿಕ್ಕಿಸಿಯೇ ಇರುತ್ತದೆ.

ತೊಂದರೆಗಳು ಇವು. ನೀರೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಡ್ರೈವ್‌ನ ಆನೋಡ್ ಬಳೆ (ಡ್ರೈವ್ ಕರಗದಂತೆ ಅದರ ಬದಲು ತಾನು ಕರಗುವ ಲೋಹ) ಅರ್ಧಕ್ಕಿಂತ ಹೆಚ್ಚು ಸವೆದಿದೆ. ಆ್ಯಂಕರ್ ಹಾಕಿ ನಿಂತಾಗ ಫ್ರಿಜ್ ಬೆಳಗಿನ ಜಾವ ನಿಂತುಹೋಗುತ್ತದೆ. ಕಂಟ್ರೋಲರ್‌ನ ದೀಪ ಒಂದೊಂದೇ ಸಲ ಮಿನುಗುತ್ತದೆ, ಆದರೆ ಪ್ಯಾನೆಲ್ 12.3 ವೋಲ್ಟ್ ತೋರಿಸುತ್ತದೆ. ಬಿಲ್ಜ್‌ನಲ್ಲಿ (ದೋಣಿಯ ಒಳತಳದಲ್ಲಿ) ವಾರಕ್ಕೆ ಸುಮಾರು 3 ಲೀಟರ್ ನೀರು ಸೇರುತ್ತದೆ. ಗಾಳಿ 15 ನಾಟ್ ದಾಟಿದರೆ ಗಾಳಿಮರೆಯ ಬದಿಯ ಕ್ಯಾಪ್ ಶ್ರೌಡ್ (ಮಾಸ್ಟ್ ತುದಿಯನ್ನು ಪಕ್ಕದಿಂದ ಹಿಡಿದಿಡುವ ಉಕ್ಕಿನ ತಂತಿ) ಜೋಲುತ್ತದೆ.

ಹಸ್ತಾಂತರ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. "ಎಲ್ಲ ಹೊಸದೋಣಿಯಲ್ಲೂ ಇದು ಮಾಮೂಲು, ಸಹಿ ಹಾಕಿ, ಚಳಿಗಾಲದಲ್ಲಿ ನೋಡೋಣ" ಅನ್ನುತ್ತಿದ್ದಾರೆ ಮಾರಿದವರು. ಮೊದಲು ಯಾವುದನ್ನು ಹಿಡಿಯಲಿ?

ತಾಮ್ರತಂತಿ:
ಆನೋಡ್ ಮೊದಲು, ಅದೂ ಈ ವಾರವೇ. ಮಿಕ್ಕಿದ್ದು ಕಾಯಬಹುದು. ಬಳೆ ಪೂರ್ತಿ ಹೋದರೆ ಮುಂದೆ ಕರಗುವುದು ಡ್ರೈವ್‌ನ ಅಲ್ಯೂಮಿನಿಯಂ ಕಾಲು.

ಅಲ್ಲಿರುವ ಬಳೆ ಯಾವ ಲೋಹದ್ದು ಎಂದು ಮಾರಿದವರನ್ನು ಕೇಳಿದಿರಾ? 1932ರಲ್ಲಿ ಅಫ್ಸ್‌ಲೌಟ್‌ಡೈಕ್ ಕಟ್ಟೆ ಮುಚ್ಚಿದ ಮೇಲೆ ಎಂಕ್‌ಹೌಜೆನ್ ದಡದ ಐಸೆಲ್‌ಮೇರ್ ಸಿಹಿನೀರಿನ ಸರೋವರ. ಅಲ್ಲಿ ನೀರಿಗಿಳಿಸುವ ದೋಣಿಗೆ ಮೆಗ್ನೀಸಿಯಂ ಬಳೆ ಹಾಕುವುದು ಸರಿಯಾದ ಪದ್ಧತಿಯೇ. ಆದರೆ ಡೆನ್ ಊವರ್ ಲಾಕ್‌ನ ಆಚೆ ಬಾಗಿಲು ತೆರೆದ ಕೂಡಲೇ ವಾಡನ್ ಸಮುದ್ರ, ಉಪ್ಪುನೀರು. ಉಪ್ಪುನೀರಲ್ಲಿ ಮೆಗ್ನೀಸಿಯಂ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಸಾಲದ್ದಕ್ಕೆ ರಕ್ಷಣೆ ಅತಿಯಾಗಿ ಡ್ರೈವ್‌ನ ಬಣ್ಣ ಗುಳ್ಳೆ ಎದ್ದು ಕಳಚುತ್ತದೆ. ಸತುವಿನದು ಇದಕ್ಕೆ ತದ್ವಿರುದ್ಧ: ಉಪ್ಪುನೀರಲ್ಲಿ ಚೆನ್ನಾಗಿ ದುಡಿಯುತ್ತದೆ, ಸಿಹಿನೀರಲ್ಲಿ ಮೈಮೇಲೆ ಬಿಳಿ ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ. ನೋಡಲು ಇಡಿಯಾಗಿಯೇ ಇರುವುದರಿಂದ ಜನ ಮೋಸಹೋಗುವುದು ಅಲ್ಲಿ. ಎರಡೂ ಕಡೆ ಓಡಾಡುವ ದೋಣಿಗೆ ಅಲ್ಯೂಮಿನಿಯಂ ಆನೋಡ್ ಹಾಕಿಸಿ.

ತೆಗೆದ ಬಳೆ ಯಾವುದೆಂದು ಕೈಯಲ್ಲೇ ಗೊತ್ತಾಗುತ್ತದೆ. ಒಂದೇ ಅಳತೆಯ ಸತುವಿನ ಬಳೆ ಮೆಗ್ನೀಸಿಯಂದಕ್ಕಿಂತ ಸುಮಾರು ನಾಲ್ಕು ಪಟ್ಟು ಭಾರ. ಚಾಕುವಿನಿಂದ ಕೆರೆದು ಹೊಳಪು ಬಂದ ಜಾಗಕ್ಕೆ ಎರಡು ಹನಿ ವಿನೆಗರ್ ಬಿಡಿ. ಮೆಗ್ನೀಸಿಯಂ ಆದರೆ ಕೂಡಲೇ ಬುರುಬುರು ನೊರೆ ಬರುತ್ತದೆ.

ಬದಲಿಸಲು ದೋಣಿಯನ್ನು ಕ್ರೇನ್ ಪಟ್ಟಿಯಲ್ಲಿ ಎತ್ತಿಸಬೇಕು. ಫಿಕ್ಸೆಡ್ ಪ್ರೊಪೆಲ್ಲರ್ ಆದ್ದರಿಂದ ಅದನ್ನು ಕಳಚಿದ ಮೇಲೆಯೇ ಬಳೆ ಹೊರಗೆ ಬರುತ್ತದೆ. ಕೂರುವ ಜಾಗವನ್ನು ಬರಿ ಲೋಹ ಕಾಣುವಂತೆ ಉಜ್ಜಿ. ಆನೋಡ್ ಮೇಲೆ ಬಣ್ಣ ಬೀಳಕೂಡದು. ಎತ್ತಿದಾಗಲೇ ಆ್ಯಂಟಿಫೌಲಿಂಗ್ (ಪಾಚಿ, ಚಿಪ್ಪು ಅಂಟದಂತೆ ಬಳಿಯುವ ಬಣ್ಣ) ಕೂಡ ನೋಡಿಬಿಡಿ: ತಾಮ್ರವಿರುವ ಬಣ್ಣವನ್ನು ಡ್ರೈವ್‌ಗೆ ಬಳಿದಿರಬಾರದು, ಹಲ್‌ನ ತಾಮ್ರದ ಬಣ್ಣಕ್ಕೂ ಡ್ರೈವ್‌ಗೂ ನಡುವೆ ಸುತ್ತಲೂ 10 ಮಿ.ಮೀ. ಖಾಲಿ ಪಟ್ಟಿ ಇರಬೇಕು.

ಎತ್ತಿಸುವ ಮುಂಚೆ ಒಂದು ಅಳತೆ ಬೇಕು, ನೀರಲ್ಲಿದ್ದಾಗಲೇ. ಬೆಳ್ಳಿ-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಬಾಡಿಗೆಗೋ ಎರವಲಿಗೋ ತನ್ನಿ. ಅದನ್ನು ಪ್ರೊಪೆಲ್ಲರ್ ಹತ್ತಿರ ಇಳಿಬಿಟ್ಟು ಮೀಟರ್‌ನ ಕಪ್ಪು ತಂತಿಗೆ ಕೊಡಿ, ಕೆಂಪು ತಂತಿಯನ್ನು ದೋಣಿಯೊಳಗಿಂದ ಡ್ರೈವ್‌ನ ಬರಿ ಲೋಹಕ್ಕೆ ಹಿಡಿಯಿರಿ. ದಡದ ಕೇಬಲ್ ಸಿಕ್ಕಿಸಿ ಒಂದು ಸಲ, ಕಿತ್ತು ಒಂದು ಸಲ. ಉಪ್ಪುನೀರಲ್ಲಿ −900ರಿಂದ −1100 ಮಿಲಿವೋಲ್ಟ್ ನಡುವೆ ಇರಬೇಕು. ಎರಡು ಅಳತೆಗಳ ವ್ಯತ್ಯಾಸವೇ ಮುಖ್ಯ, ಎರಡನ್ನೂ ಬರೆಯಿರಿ.

ಗೂಟದಹಗ್ಗ:
ಸಹಿಯ ವಿಷಯ ಮಾತ್ರ ಹೇಳುತ್ತೇನೆ. ದೋಷಗಳನ್ನು ಒಂದೊಂದಾಗಿ ಬರೆದು, ಫೋಟೋ ಮತ್ತು ಅಳತೆ ಲಗತ್ತಿಸಿ, ಇವತ್ತೇ ಇಮೇಲ್ ಮಾಡಿ. ಡಚ್ ಕಾನೂನಿನಲ್ಲಿ ಖಾಸಗಿ ಗ್ರಾಹಕರು ದೋಷ ಕಂಡ 2 ತಿಂಗಳೊಳಗೆ ತಿಳಿಸಿದರೆ ಅದು ಸಕಾಲ. ತಲುಪಿಸಿದ ಮೊದಲ 1 ವರ್ಷದಲ್ಲಿ ಕಂಡ ದೋಷ ತಲುಪಿಸುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾರಿದವರದು. "ಚಳಿಗಾಲದಲ್ಲಿ ನೋಡೋಣ" ಎಂಬ ಬಾಯಿಮಾತು ನಂಬಿ ಕೂತರೆ ಆ 2 ತಿಂಗಳು ಕಳೆದುಹೋಗುತ್ತದೆ. ಪತ್ರಕ್ಕೆ ಸಹಿ ಹಾಕಲೇಬೇಕಾದರೆ ದೋಷಪಟ್ಟಿಯನ್ನು ಅದರಲ್ಲೇ ಬರೆಸಿ, ಪ್ರತಿಯೊಂದಕ್ಕೂ ತಾರೀಕು ಹಾಕಿಸಿ. ಹಲ್ ಗುರುತಿನ ಸಂಖ್ಯೆ, ಬಿಲ್ಡರ್ ಪ್ಲೇಟ್, ಅನುಸರಣಾ ಘೋಷಣೆ, ಮೂರರಲ್ಲೂ ಒಂದೇ ದೋಣಿ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ.

ಬೋಳಾರಕಡವು:
ಫ್ರಿಜ್‌ಗೆ ಬರೋಣ. ದೀಪದ ಮಿನುಗು ನಿಮಗೆ ಉತ್ತರ ಹೇಳುತ್ತಿದೆ. ಬಿಡಿ35 ಬಗೆಯ ಕಂಪ್ರೆಸರ್ ಆಗಿದ್ದರೆ 1 ಮಿನುಗು ಅಂದರೆ ವೋಲ್ಟೇಜ್ ಸಾಲದೆ ಬ್ಯಾಟರಿ ರಕ್ಷಣೆಗಾಗಿ ನಿಂತಿದೆ, 2 ಅಂದರೆ ಫ್ಯಾನ್ ಹೆಚ್ಚು ಕರೆಂಟ್ ಎಳೆಯುತ್ತಿದೆ, 3 ಅಂದರೆ ಮೋಟಾರ್ ಸ್ಟಾರ್ಟ್ ಆಗುತ್ತಿಲ್ಲ, 4 ಅಂದರೆ ವೇಗ ತೀರಾ ಕಡಿಮೆ, 5 ಅಂದರೆ ಕಂಟ್ರೋಲರ್ ಬಿಸಿಯಾಗಿದೆ. 12 ವೋಲ್ಟ್ ವ್ಯವಸ್ಥೆಯಲ್ಲಿ ಅದು 10.4ಕ್ಕೆ ನಿಲ್ಲುತ್ತದೆ, 11.7 ಬರುವವರೆಗೆ ಮತ್ತೆ ಏಳುವುದಿಲ್ಲ. ಲೆಕ್ಕಕ್ಕೆ ಬರುವುದು ಕಂಟ್ರೋಲರ್‌ನ ಎರಡು ಟರ್ಮಿನಲ್ ನಡುವಿನ ವೋಲ್ಟೇಜ್, ಅದೂ ಕಂಪ್ರೆಸರ್ ಓಡುತ್ತಿರುವಾಗ. ಪ್ಯಾನೆಲ್‌ನ ಸಂಖ್ಯೆಯನ್ನು ಮರೆತುಬಿಡಿ.

ಥರ್ಮೋಸ್ಟಾಟ್ ಪೂರ್ತಿ ತಿರುಗಿಸಿ ಕಂಪ್ರೆಸರ್ ಓಡುವಂತೆ ಮಾಡಿ. ಮೀಟರ್‌ನಿಂದ ಬ್ಯಾಟರಿ ಕಂಬಗಳ ಮೇಲೆ, ಫ್ಯೂಸ್ ಹೋಲ್ಡರ್‌ನ ಎರಡು ಬದಿ, ಕಂಟ್ರೋಲರ್ ಟರ್ಮಿನಲ್ ಮೇಲೆ ಅಳೆಯಿರಿ. ಕೇಬಲ್‌ನ ಉದ್ದ, ದಪ್ಪ ಎರಡನ್ನೂ ತಿಳಿಸಿ.

ಪಡುಗಾಳಿ:
ಧನ್ಯವಾದಗಳು. ಅಳೆದೆ. ಕಂಪ್ರೆಸರ್ ಓಡುವಾಗ ಬ್ಯಾಟರಿ ಮೇಲೆ 12.3, ಕಂಟ್ರೋಲರ್ ಮೇಲೆ 10.3. ಫ್ಯೂಸ್ ಹೋಲ್ಡರ್‌ನ ಎರಡು ಬದಿಯ ನಡುವೆ 1.2 ವೋಲ್ಟ್. ಕೇಬಲ್ 2.5 ಚದರ ಮಿ.ಮೀ., ಒಂದು ಕಡೆಗೆ 9 ಮೀಟರ್. ಕ್ಲ್ಯಾಂಪ್ ಮೀಟರ್ 6 ಆಂಪ್ ತೋರಿಸಿತು.

ಡ್ರೈವ್: ಕೇಬಲ್ ಕಿತ್ತಾಗ −1180, ಸಿಕ್ಕಿಸಿದಾಗ −990 ಮಿಲಿವೋಲ್ಟ್. ಇನ್ನೊಂದು ಕಂಡಿತು: ಡ್ರೈವ್‌ನ ಒಳಗಿನ ಒಂದು ಬೋಲ್ಟ್‌ಗೆ ಹಸಿರು-ಹಳದಿ ತಂತಿ ಕಟ್ಟಿದ್ದಾರೆ, ಅದು ಬ್ಯಾಟರಿ ಚಾರ್ಜರ್ ಪಕ್ಕದ ಅರ್ತ್ ಬಾರ್‌ಗೆ ಹೋಗುತ್ತದೆ. ಬಣ್ಣದ ಮೇಲೆ ಹೊಸ ವಾಷರ್‌ನ ಗುರುತು ಇದೆ.

ಬೋಳಾರಕಡವು:
ಲೆಕ್ಕ ಸರಿಯಾಗಿ ಕೂಡುತ್ತದೆ ನೋಡಿ. ಹೋಗಿ ಬರುವ ತಂತಿ 18 ಮೀಟರ್, ಅದನ್ನು 0.0175ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 0.126 ಓಮ್. 6 ಆಂಪ್‌ಗೆ ಸುಮಾರು 0.76 ವೋಲ್ಟ್ ಕೇಬಲ್‌ನಲ್ಲೇ ಹೋಯಿತು. ಫ್ಯೂಸ್ ಹೋಲ್ಡರ್‌ನ 1.2 ಸೇರಿಸಿ, ನಿಮ್ಮ 2 ವೋಲ್ಟ್ ಸಿಕ್ಕಿತು. ಫ್ರಿಜ್‌ನ ತಪ್ಪು ಏನೂ ಇಲ್ಲ. ಹೊಸ ಕಂಪ್ರೆಸರ್ ತರಿಸಿಕೊಳ್ಳಬೇಡಿ.

ಆ ಫ್ಯೂಸ್ ಹೋಲ್ಡರ್‌ನಲ್ಲಿ 1.2 ವೋಲ್ಟ್, 6 ಆಂಪ್ ಅಂದರೆ 7 ವಾಟ್ ಬಿಸಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ. ಮುಟ್ಟಿ ನೋಡಿದರೆ ಸುಡುತ್ತಿರಬೇಕು. ಸಡಿಲ ಕ್ರಿಂಪ್ ಇಲ್ಲವೇ ಹಿಡಿತ ಸತ್ತ ಕ್ಲಿಪ್. ಇದು ಬೆಂಕಿಯ ವಿಷಯ, ಹಾಗಾಗಿ ಇದನ್ನು ಇವತ್ತೇ ಬದಲಿಸಿ.

ಕೇಬಲ್ ವಿಚಾರ: ಈ ಕಂಪ್ರೆಸರ್‌ಗಳ ತಯಾರಕರ ಪಟ್ಟಿಯಲ್ಲಿ 12 ವೋಲ್ಟ್‌ಗೆ 2.5 ಚದರ ಮಿ.ಮೀ. ತಂತಿ 2.5 ಮೀಟರ್‌ವರೆಗೆ ಮಾತ್ರ. 4ಕ್ಕೆ 4 ಮೀಟರ್, 6ಕ್ಕೆ 6, 10ಕ್ಕೆ 10. ನಿಮ್ಮ 9 ಮೀಟರ್‌ಗೆ 10 ಚದರ ಮಿ.ಮೀ. ಬೇಕು, ನಷ್ಟ 0.2 ವೋಲ್ಟ್‌ಗೆ ಇಳಿಯುತ್ತದೆ. ತವರ ಲೇಪಿಸಿದ ತಾಮ್ರದ ತಂತಿ, ಬ್ಯಾಟರಿ ಪಕ್ಕದಲ್ಲೇ 15 ಆಂಪ್ ಫ್ಯೂಸ್. 10ರ ತಂತಿ ಕಂಟ್ರೋಲರ್‌ನ ಸ್ಪೇಡ್ ಟರ್ಮಿನಲ್‌ಗೆ ಹಿಡಿಸುವುದಿಲ್ಲ. ಅದಕ್ಕೆ ಹತ್ತಿರದಲ್ಲೇ ಒಂದು ಟರ್ಮಿನಲ್ ಬ್ಲಾಕ್ ಕೂರಿಸಿ, ಅಲ್ಲಿಂದ ಗೇಣುದ್ದದ 2.5ರ ಬಾಲ ಕೊಡಿ. ಕ್ರಿಂಪ್‌ಗೆ ರ್‍ಯಾಚೆಟ್ ಇಕ್ಕಳವನ್ನೇ ಬಳಸಿ, ಮೇಲೆ ಅಂಟುಳ್ಳ ಹೀಟ್‌ಶ್ರಿಂಕ್. ಕಟಿಂಗ್ ಪ್ಲೈಯರ್‌ನಲ್ಲಿ ಚಪ್ಪಟೆ ಮಾಡಿದ ಕ್ರಿಂಪ್ ಸಮುದ್ರದ ತೇವದಲ್ಲಿ ಒಂದು ಸೀಸನ್ ಕೂಡ ಬಾಳುವುದಿಲ್ಲ.

ತಾಮ್ರತಂತಿ:
ಆ ಹಸಿರು-ಹಳದಿ ತಂತಿಯೇ ಕಳ್ಳ. −1180 ಅಂದರೆ ನೀರಲ್ಲಿರುವುದು ಮೆಗ್ನೀಸಿಯಂ ಎಂಬುದು ಬಹುತೇಕ ಖಚಿತ, ಸತು ಒಂದೇ ಇದ್ದರೆ −1030 ಆಸುಪಾಸಿಗಿಂತ ಕೆಳಗೆ ಹೋಗುವುದಿಲ್ಲ. ಕೇಬಲ್ ಸಿಕ್ಕಿಸಿದಾಗ 190 ಮಿಲಿವೋಲ್ಟ್ ಏರಿದೆಯಲ್ಲ, ಆ ಹೊತ್ತಿನಲ್ಲಿ ನಿಮ್ಮ ಆನೋಡ್ ಅಕ್ಕಪಕ್ಕದ ದೋಣಿಗಳ ಕಂಚು, ಸ್ಟೀಲ್ ಎಲ್ಲವನ್ನೂ ಕಾಯುತ್ತಿದೆ. ದಡದ ಕೇಬಲ್‌ನ ಅರ್ತ್ ತಂತಿ ಎಲ್ಲರ ಲೋಹವನ್ನೂ ಒಂದಕ್ಕೊಂದು ಸೇರಿಸುತ್ತದೆ, ನೀರು ಬ್ಯಾಟರಿಯ ಇನ್ನರ್ಧ ಆಗುತ್ತದೆ.

ಡ್ರೈವ್‌ನ ಕೈಪಿಡಿ ನೋಡಿ. ಎಂಜಿನ್‌ನಿಂದ ವಿದ್ಯುತ್ ದೃಷ್ಟಿಯಿಂದ ಬೇರ್ಪಡಿಸಿದ ಡ್ರೈವ್ ಎಂದು ಅದರಲ್ಲಿದ್ದರೆ ಈ ತಂತಿ ಇರಲೇಬಾರದು. ಚಾರ್ಜರ್ ಕೂರಿಸಿದವರು ಕೈಗೆ ಸಿಕ್ಕ ಲೋಹಕ್ಕೆ ಅರ್ತ್ ಕೊಟ್ಟಂತಿದೆ. ನೀವೇ ಕಿತ್ತುಹಾಕಬೇಡಿ, ಫೋಟೋ ತೆಗೆದು ಮಾರಿದವರಿಗೆ ಕಳಿಸಿ, ಅವರ ಎಲೆಕ್ಟ್ರಿಷಿಯನ್ ಅದನ್ನು ತೆಗೆದು ಅರ್ತ್ ಬಾರ್‌ಗೆ ಸರಿಯಾದ ದಾರಿ ಮಾಡಿಕೊಡಲಿ. 230 ವೋಲ್ಟ್‌ನ ಅರ್ತ್ ಎಲ್ಲಿಯೂ ಕಡಿದುಹೋಗಕೂಡದು. ಆನೋಡ್ ಉಳಿಸಲು ಅರ್ತ್ ತಂತಿ ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಅದು ಈಜುವವರ ಜೀವ ತೆಗೆಯುತ್ತದೆ.

ಅದರ ಬದಲು ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ, 16 ಆಂಪ್‌ನದು ಸಾಕು. ದಡದ ಕರೆಂಟ್ ಒಳಬರುವ ಸಾಕೆಟ್ ಆದ ಕೂಡಲೇ, ಅರ್ತ್ ತಂತಿಯಲ್ಲಿ, ಬೇರೆ ಏನನ್ನೂ ಸೇರಿಸುವ ಮುಂಚೆ ಅದು ಕೂರಬೇಕು. ಸುಮಾರು 1.2 ವೋಲ್ಟ್‌ವರೆಗಿನ ಡಿಸಿಯನ್ನು ತಡೆಯುತ್ತದೆ, ದೋಷದ ಕರೆಂಟ್ ಬಂದರೆ ಬಿಟ್ಟುಕೊಡುತ್ತದೆ. ಕೆಲಸ ಮುಗಿದ ಮೇಲೆ 30 ಮಿಲಿಆಂಪ್ ಆರ್‌ಸಿಡಿಯ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್‌ನ) ಟೆಸ್ಟ್ ಗುಂಡಿ ಒತ್ತಿ. ಅಲ್ಲಿಯವರೆಗೆ ದೋಣಿಯಲ್ಲಿ ಯಾರೂ ಇಲ್ಲದಾಗ ಕೇಬಲ್ ಕಿತ್ತಿಡಿ.

ಗೂಟದಹಗ್ಗ:
ಬಿಲ್ಜ್ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟು ನೋಡಿದಿರಾ? ಡೆನ್ ಹೆಲ್ಡರ್‌ನಲ್ಲಿ ನಿಂತ ದೋಣಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಉಪ್ಪಾದರೆ ಲಾಗ್ ಸೆನ್ಸರ್‌ನ (ವೇಗ ಅಳೆಯುವುದು) ಓ-ರಿಂಗ್, ಹಲ್ ವಾಲ್ವ್‌ಗಳು (ಹಲ್ ತೂತುಗಳ ನಲ್ಲಿಗಳು), ಕೀಲ್ (ತಳದ ಭಾರ) ಹಿಡಿದ ಬೋಲ್ಟ್ ಈ ಕ್ರಮದಲ್ಲಿ ಹುಡುಕಿ. ಸಪ್ಪೆಯಾದರೆ ನಿಮ್ಮದೇ ಕುಡಿಯುವ ನೀರು.

ಪಡುಗಾಳಿ:
ಸಪ್ಪೆ. ಕುಡಿಯುವ ನೀರಿನ ಪಂಪ್ ಆಫ್ ಮಾಡಿ ಎರಡು ದಿನ ಬಿಟ್ಟೆ, ಎಂಜಿನ್ ಕೂಡ ಹಾಕಲಿಲ್ಲ, ಒಂದು ಹನಿ ಬರಲಿಲ್ಲ. ಪಂಪ್ ಆನ್ ಇಟ್ಟರೂ ನಲ್ಲಿ ಮುಚ್ಚಿದ್ದಾಗ ಅದು ತಾನಾಗಿ ಓಡುವುದಿಲ್ಲ. ಎಂಜಿನ್ ಒಂದು ಗಂಟೆ ಓಡಿಸಿದ ದಿನ ನೀರು ಸೇರುತ್ತದೆ. ಬಿಸಿನೀರಿನ ಟ್ಯಾಂಕ್ 20 ಲೀಟರ್.

ಗೂಟದಹಗ್ಗ:
ಹಾಗಾದರೆ ಇದು ಸೋರಿಕೆಯೇ ಅಲ್ಲ. ಎಂಜಿನ್ ಬಿಸಿಯಿಂದ ಟ್ಯಾಂಕ್‌ನ ನೀರು 15ರಿಂದ 75 ಡಿಗ್ರಿಗೆ ಏರಿದರೆ ನೀರು ಸುಮಾರು 2.5 ಶೇಕಡಾ ಹಿಗ್ಗುತ್ತದೆ. 20 ಲೀಟರ್‌ಗೆ ಅರ್ಧ ಲೀಟರ್. ತಣ್ಣೀರು ಒಳಬರುವ ಕಡೆ ನಾನ್-ರಿಟರ್ನ್ ವಾಲ್ವ್ ಇರುವುದರಿಂದ ಹಿಂದಕ್ಕೆ ಹೋಗಲಾರದು, ಸೇಫ್ಟಿ ವಾಲ್ವ್ ತೆರೆದು ಬಿಲ್ಜ್‌ಗೆ ಬಿಡುತ್ತದೆ. ವಾರಕ್ಕೆ ಆರು ಸಲ ಎಂಜಿನ್, ನಿಮ್ಮ 3 ಲೀಟರ್. ಸೇಫ್ಟಿ ವಾಲ್ವ್‌ನ ಬಾಯಿಗೆ ಅಡೆ ಹಾಕುವ ಯೋಚನೆ ಖಂಡಿತ ಬೇಡ, ಟ್ಯಾಂಕ್ ಒಡೆಯುತ್ತದೆ. ಬಿಸಿನೀರಿನ ಬದಿಗೆ, ಬಿಸಿನೀರಿಗೆ ತಾಳುವ 2 ಲೀಟರ್‌ನ ಎಕ್ಸ್‌ಪ್ಯಾನ್ಶನ್ ವೆಸಲ್ (ಹಿಗ್ಗಿದ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬಿ) ಸೇರಿಸಿ.

ಹಾಗೇ ಹಲ್ ವಾಲ್ವ್‌ಗಳ ಮೇಲಿನ ಅಚ್ಚು ನೋಡಿಬಿಡಿ. ಸಿಡಬ್ಲ್ಯೂ617ಎನ್ ಎಂದಿದ್ದರೆ ಮಾಮೂಲು ಹಿತ್ತಾಳೆ, ಉಪ್ಪುನೀರಲ್ಲಿ ಸತು ಕಳೆದುಕೊಂಡು ಒಳಗೊಳಗೇ ಪುಡಿಯಾಗುತ್ತದೆ. ಸಿಡಬ್ಲ್ಯೂ602ಎನ್ (ಸತು ಸುಲಭವಾಗಿ ಕಳೆದುಕೊಳ್ಳದ ಮಿಶ್ರಲೋಹ) ಇಲ್ಲವೇ ಕಂಚು ಇದ್ದರೆ ನಿಶ್ಚಿಂತೆ. ಹಿತ್ತಾಳೆಯದಾದರೆ ಬದಲಾವಣೆಯನ್ನೂ ದೋಷಪಟ್ಟಿಗೆ ಸೇರಿಸಲು ಒತ್ತಾಯಿಸಿ.

ಹಾಯಿಕಟ್ಟು:
ಶ್ರೌಡ್ ಬಗ್ಗೆ. ಹೊಸ 1×19 ತಂತಿಯ (19 ಎಳೆ ಹೊಸೆದದ್ದು) ಎಳೆಗಳು ಮೊದಲ ಕೆಲವು ಸವಾರಿಗಳಲ್ಲಿ ಒಂದಕ್ಕೊಂದು ಒತ್ತಿ ಕೂರುತ್ತವೆ, ಆದ್ದರಿಂದ ಸಡಿಲವಾಗುವುದು ನಿರೀಕ್ಷಿತ. ಹಾಗೆಂದು ಬಿಡುವಂತಿಲ್ಲ, ಜೋಲುವ ಶ್ರೌಡ್ ಪ್ರತಿ ಅಲೆಗೂ ಜಗ್ಗಿ ಟರ್ಮಿನಲ್ ಬಳಲಿಸುತ್ತದೆ.

ಮಡಿಸುವ ಅಳತೆಕೋಲು ಸಾಕು. ಬ್ಯಾಕ್‌ಸ್ಟೇ (ಮಾಸ್ಟ್‌ನ ಹಿಂಬದಿಯ ತಂತಿ) ಪೂರ್ತಿ ಸಡಿಲಿಸಿ, ಕ್ಯಾಪ್ ಶ್ರೌಡ್‌ಗಳನ್ನು ಕೈಬಿಗಿಗೆ ತನ್ನಿ. ಮಾಸ್ಟ್ ನಡುಮಧ್ಯ ಇದೆಯೇ ಎಂದು ಮುಖ್ಯ ಹ್ಯಾಲ್ಯರ್ಡ್ (ಹಾಯಿ ಏರಿಸುವ ಹಗ್ಗ) ತುದಿಯನ್ನು ಎರಡೂ ಬದಿಯ ಚೈನ್‌ಪ್ಲೇಟ್‌ಗೆ (ಶ್ರೌಡ್ ದೋಣಿಗೆ ಕಟ್ಟುವ ಲೋಹದ ಪಟ್ಟಿ) ತಾಗಿಸಿ ನೋಡಿ. ಕೋಲನ್ನು 2 ಮೀಟರ್‌ಗೆ ಬಿಚ್ಚಿ, ಮೇಲ್ತುದಿಯನ್ನು ತಂತಿಗೆ ಟೇಪಿನಿಂದ ಬಿಗಿಯಾಗಿ ಕಟ್ಟಿ, ಕೆಳತುದಿ ತಾಗುವಲ್ಲಿ ತಂತಿಗೆ ಟೇಪಿನ ಗುರುತು ಹಾಕಿ. ಈಗ ಶ್ರೌಡ್ ಬುಡದ ಬಿಗಿಸುವ ತಿರುಪುಗಳನ್ನು ಎರಡೂ ಬದಿ ಸಮಸಮ ಸುತ್ತು ತಿರುಗಿಸುತ್ತಾ ಬನ್ನಿ. 2 ಮೀಟರ್ ತಂತಿ 1 ಮಿ.ಮೀ. ಹಿಗ್ಗಿದರೆ ಮುರಿಯುವ ಬಲದ 5 ಶೇಕಡಾ. ತಂತಿ 6 ಮಿ.ಮೀ. ಇರಲಿ 8 ಇರಲಿ ಲೆಕ್ಕ ಒಂದೇ. 3 ಮಿ.ಮೀ.ಗೆ, ಅಂದರೆ 15 ಶೇಕಡಾಕ್ಕೆ ನಿಲ್ಲಿಸಿ ಸವಾರಿ ಮಾಡಿ. ದೋಣಿ 20 ಡಿಗ್ರಿ ವಾಲಿದಾಗಲೂ ಗಾಳಿಮರೆಯ ಶ್ರೌಡ್ ಜೋತಾಡುತ್ತಿದ್ದರೆ 4 ಮಿ.ಮೀ.ಗೆ ಏರಿಸಿ. ಮಾಸ್ಟ್ ತಯಾರಕರ ಕೈಪಿಡಿಯ ಮಿತಿ ಬೇರೆ ಇದ್ದರೆ ಅದೇ ಕೊನೆಯ ಮಾತು.

ಆ ತಿರುಪುಗಳ ಸ್ಟೀಲ್ ಸುತ್ತುಗಳು ಒಣಗಿದ್ದಾಗ ಬಿಗಿಯಲ್ಲಿ ತಿರುಗಿಸಿದರೆ ಒಂದಕ್ಕೊಂದು ಕಚ್ಚಿ ಬೆಸುಗೆಯಾದಂತೆ ಹಿಡಿದುಬಿಡುತ್ತವೆ. ಮೊದಲು ಗ್ರೀಸ್, ಆಮೇಲೆ ಸ್ಪ್ಯಾನರ್. ಮುಗಿದ ಮೇಲೆ ಸ್ಪ್ಲಿಟ್ ಪಿನ್‌ಗಳ ಕಾಲನ್ನು 20 ಡಿಗ್ರಿಯಷ್ಟು ಮಾತ್ರ ಅಗಲಿಸಿ, ಮೇಲೆ ಟೇಪ್ ಸುತ್ತಿ.

ಪಡುಗಾಳಿ:
ದೋಣಿ ಎತ್ತಿಸಿದೆವು. ಬಳೆ ಮೆಗ್ನೀಸಿಯಂದೇ, ವಿನೆಗರ್ ಬಿದ್ದ ಕೂಡಲೇ ನೊರೆ ಎದ್ದಿತು. ಅಲ್ಯೂಮಿನಿಯಂದು ಹಾಕಿದ್ದಾರೆ. ಹಸಿರು-ಹಳದಿ ತಂತಿಯನ್ನು ಅವರ ಎಲೆಕ್ಟ್ರಿಷಿಯನ್ ತೆಗೆದರು, ಐಸೊಲೇಟರ್ ಮುಂದಿನ ವಾರ. ಈಗ ಕೇಬಲ್ ಸಿಕ್ಕಿಸಿದರೂ ಕಿತ್ತರೂ ಅಳತೆ −1050 ಆಸುಪಾಸು. ಹೊಸ ಫ್ಯೂಸ್ ಹೋಲ್ಡರ್, 10ರ ಕೇಬಲ್ ಆದ ಮೇಲೆ ಕಂಟ್ರೋಲರ್ ಮೇಲೆ 12.1. ಎಕ್ಸ್‌ಪ್ಯಾನ್ಶನ್ ವೆಸಲ್ ತಂದಿದ್ದೇನೆ, ಅದಕ್ಕೆ ಗಾಳಿ ಎಷ್ಟು ತುಂಬಬೇಕು?

ಗೂಟದಹಗ್ಗ:
ಪಂಪ್ ಯಾವ ಒತ್ತಡಕ್ಕೆ ಆನ್ ಆಗುತ್ತದೋ ಅದಕ್ಕಿಂತ ಸ್ವಲ್ಪ ಕಡಿಮೆ. ಪಂಪ್‌ನ ಲೇಬಲ್‌ನಲ್ಲಿ ಬರೆದಿರುತ್ತದೆ. ಪಂಪ್ ಆಫ್ ಮಾಡಿ, ನಲ್ಲಿ ತೆರೆದು ಒತ್ತಡ ಪೂರ್ತಿ ಇಳಿದ ಮೇಲೆ ಸೈಕಲ್ ಪಂಪ್‌ನಿಂದಲೇ ತುಂಬಬಹುದು. ನೀರಿನ ಒತ್ತಡ ಇರುವಾಗ ಅಳೆದರೆ ಸಂಖ್ಯೆ ತಪ್ಪು ಬರುತ್ತದೆ.