ಸಹಾಯ ಬೇಕು: ಒಣಗಣ್ಣಿಗೆ ನರ ಪ್ರಚೋದನೆ ಚಿಕಿತ್ಸೆ ಯಾರಾದರೂ ತಗೊಂಡಿದ್ದೀರಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಶೋಗ್ರೆನ್ಸ್ ಸಿಂಡ್ರೋಮ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಕಾಯಿಲೆ. ಕಣ್ಣು ಎಷ್ಟು ಒಣಗಿರುತ್ತದೆ ಎಂದರೆ, ಈರುಳ್ಳಿ ಹೆಚ್ಚಿದರೂ ಒಂದು ಹನಿ ನೀರು ಬರುವುದಿಲ್ಲ, ಬರೀ ಉರಿ. ರಾತ್ರಿ ಫ್ಯಾನ್ ಹಾಕುವ ಹಾಗಿಲ್ಲ. ಕೃತಕ ಕಣ್ಣೀರು, ಸೈಕ್ಲೋಸ್ಪೊರಿನ್ ಡ್ರಾಪ್ಸ್, ಪಂಕ್ಟಲ್ ಪ್ಲಗ್ (ಕಣ್ಣೀರು ಇಳಿದು ಹೋಗುವ ರಂಧ್ರಕ್ಕೆ ಹಾಕುವ ಪುಟ್ಟ ಬಿರಡೆ) ಎಲ್ಲಾ ಆಗಿದೆ. ಅವರು ನರಳುವುದನ್ನು ನೋಡಿ ಸುಮ್ನೆ ಕೂರೋಕೆ ಆಗ್ತಿಲ್ಲ.

ಮೂಗಿನ ನರಕ್ಕೆ ಪ್ರಚೋದನೆ ಕೊಟ್ಟರೆ ಕಣ್ಣೀರಿನ ಗ್ರಂಥಿ ತಾನಾಗಿಯೇ ಕೆಲಸ ಮಾಡುತ್ತದಂತೆ. ಕಣ್ಣಿಗೂ ಮೂಗಿಗೂ ಟ್ರೈಜೆಮಿನಲ್ ನರದ (ಮುಖದ ಸ್ಪರ್ಶ, ನೋವನ್ನು ಮೆದುಳಿಗೆ ತಿಳಿಸುವ ನರ) ನಂಟಿದೆ ಅಲ್ವಾ, ಅದೇ ದಾರಿ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದ, ಮೂಗಿನೊಳಗೆ ಇಟ್ಟು ಬಳಸುವ ಟ್ರೂಟಿಯರ್ ಸಾಧನ ಈಗ ಮಾರಾಟದಲ್ಲಿಲ್ಲ. ಐಟಿಯರ್ ಎಂಬ ಸಾಧನವನ್ನು ಮೂಗಿನ ಪಕ್ಕಕ್ಕೆ ಹೊರಗಿನಿಂದಲೇ ಒತ್ತಿ ಹಿಡಿಯಬೇಕು, ಅದು ಕಂಪಿಸುತ್ತದೆ. 2021ರಲ್ಲಿ ಒಪ್ಪಿಗೆ ಪಡೆದ ಟೈರ್ವಾಯಾ ಮೂಗಿಗೆ ಬಿಡುವ ಸ್ಪ್ರೇ. ಅದರಲ್ಲಿರುವುದು ಸಿಗರೇಟು ಬಿಡಿಸಲು ಕೊಡುವ ವರೆನಿಕ್ಲಿನ್. ಸೀನು ಜಾಸ್ತಿ ಬರುತ್ತದಂತೆ, ಅದನ್ನು ಅಮ್ಮ ತಡೆದುಕೊಳ್ಳುತ್ತಾರೆ.

ನನ್ನ ದೊಡ್ಡ ಚಿಂತೆ ಬೇರೆ. ಶೋಗ್ರೆನ್ಸ್‌ನಲ್ಲಿ ಗ್ರಂಥಿಗೇ ಪೆಟ್ಟಾಗಿರುತ್ತದೆ. ನರವನ್ನು ಎಬ್ಬಿಸಿದರೂ ಗ್ರಂಥಿಯಲ್ಲಿ ಶಕ್ತಿ ಉಳಿದಿರಬೇಕಲ್ಲ? ಇದೇ ಕಾಯಿಲೆ ಇದ್ದು ಇವುಗಳಲ್ಲಿ ಯಾವುದನ್ನಾದರೂ ಬಳಸಿದವರು ದಯವಿಟ್ಟು ಹೇಳಿ. ಅಮೆರಿಕದಲ್ಲಿರುವ ಕನ್ನಡಿಗರು, ನಿಮ್ಮ ಕಣ್ಣಿನ ಡಾಕ್ಟರು ಏನಂದರು, ಖರ್ಚು ಎಷ್ಟಾಯಿತು ಅಂತ ತಿಳಿಸಿ. ಬೆಂಗಳೂರಿನಲ್ಲಿ ಇದರ ಬಗ್ಗೆ ತಿಳಿದ ಕಾರ್ನಿಯಾ ತಜ್ಞರು ಇದ್ದರೆ ಆಸ್ಪತ್ರೆ ಹೆಸರು ಹಾಕಿ. ಡಾಕ್ಟರನ್ನು ಕೇಳದೆ ಏನನ್ನೂ ಶುರು ಮಾಡುವುದಿಲ್ಲ. ಮುಂದಿನ ತಿಂಗಳು ಚೆಕಪ್ ಇದೆ, ಅಷ್ಟರೊಳಗೆ ಗೊತ್ತಾದರೆ ಅಲ್ಲೇ ಕೇಳುತ್ತೇನೆ.