ಮೈಲುತುತ್ತಕ್ಕೆ ಕೊಟ್ಟ ಗಡುವು

ಕೂಸೆ, ಅಮೆರಿಕದ ಗಿರಾಕಿಗೆ ‘ಶುಕ್ರವಾರದೊಳಗೆ ವರದಿ ಕಳುಹಿಸುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ‘ಬೈ’ ಹಾಕಬೇಕೋ ‘ಅಂಟಿಲ್’ ಹಾಕಬೇಕೋ ಎಂದು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೀನು ಗಾಬರಿಯಿಂದ ಕೇಳಿದ್ದನ್ನು ಈಗಷ್ಟೇ ಓದಿದೆ. ‘ಅಂಟಿಲ್’ ಮಾತ್ರ ಹಾಕಬೇಡ. ಆ ಒಂದು ಶಬ್ದದಿಂದ ನಮ್ಮ ಕೆಳಗಿನ ತೋಟದ ಅರ್ಧ ಫಸಲು ಹೋಯಿತು.

ಅಣ್ಣ ಮರದಿಂದ ಬಿದ್ದು ಮಲಗಿದ 1989ರ ಸಂಗತಿ ನಿಮಗೆಲ್ಲ ಗೊತ್ತೇ ಇದೆ; ಮದ್ದು ಹೊಡೆಸುವ ಹೊಣೆ ನನಗೆ ಬಂದಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಹೊಡೆಯದಿದ್ದರೆ, ಕಾಯಿ ಕೊಳೆತು ಉದುರುವ ಕೊಳೆರೋಗ ಬಿಡುವುದುಂಟೇ? ಮೈಲುತುತ್ತ ಕಳಿಸಿ ಎಂದು ಹೊರರಾಜ್ಯದ ವ್ಯಾಪಾರಿಯೊಬ್ಬರಿಗೆ, ಪಿಯುಸಿ ಪಾಸಾದ ಜಂಬದಲ್ಲಿ, ನಾನೇ ಇಂಗ್ಲಿಷಿನಲ್ಲಿ ಕಾಗದ ಬರೆದೆ. ‘25ರೊಳಗೆ ಬೇಕು’ ಎಂಬುದು ಮನಸ್ಸಿನಲ್ಲಿತ್ತು. ಕೈ ಬರೆದದ್ದು ‘ಐ ನೀಡ್ ಇಟ್ ಅಂಟಿಲ್ 25 ಮೇ’ ಎಂದು; ಅಂದರೆ 25ರ ತನಕ ಮಾತ್ರ ಬೇಕು ಎಂದಾಯಿತು. ಅವರಿಗೆ ಸರಕು ಬಂದದ್ದು 27ಕ್ಕೆ. 25 ಕಳೆದ ಮೇಲೆ ನನಗೆ ಬೇಕಿಲ್ಲವೆಂದು ಬೇರೆಯವರಿಗೆ ಮಾರಿಬಿಟ್ಟರು. ಹಾಗೆಂದು ಅವರು ಬರೆದ ಕಾರ್ಡು ಕೈಸೇರುವಾಗ ಮಳೆಗೆ ನೆನೆದು ಶಾಯಿ ಹರಡಿತ್ತು. ಶ್ರಾವಣದಲ್ಲಿ ಬುಡದ ತುಂಬ ಉದುರಿದ್ದ ಹಸಿ ಅಡಿಕೆಯನ್ನು ನಿನ್ನ ಅಜ್ಜಿ ಮಾತಾಡದೆ ಹೆಡಿಗೆಗೆ ತುಂಬುತ್ತಿದ್ದಳು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಗಡುವಿಗೆ ‘ಅಂಟಿಲ್’ ಬೇಡ.

ಗಡುವಿಗೆ ಬೆಲೆ ಕೊಡುವವರಾದರೂ ಈ ಗುಂಪಿನಲ್ಲಿ ಯಾರಿದ್ದಾರೆ? ಭೂಮಿ ಹುಣ್ಣಿಮೆಗೆ ಎಷ್ಟು ಜನ ಬರುತ್ತೀರೆಂದು ಭಾನುವಾರದೊಳಗೆ ತಿಳಿಸಿ ಎಂದು ಅಚ್ಚ ಕನ್ನಡದಲ್ಲೇ ಕೇಳಿದ್ದೆ. ಉತ್ತರ ಬಂದದ್ದು ಇಬ್ಬರಿಂದ. ಉಳಿದವರು ಹೆಬ್ಬೆರಳು ತೋರಿಸಿದಿರಿ. ಅದು ಬರುವ ಹೆಬ್ಬೆರಳೋ ಬಾರದ ಹೆಬ್ಬೆರಳೋ ತಿಳಿಯದೆ ನಿಮ್ಮ ಚಿಕ್ಕಮ್ಮ ಮೂವತ್ತು ಜನಕ್ಕೆ ಕೊಟ್ಟೆ ಕಡುಬು ಬೇಯಿಸಿದಳು.

ಅಂದಹಾಗೆ, ನೀನು ಕೇಳಿದ್ದಕ್ಕೆ ಉತ್ತರವೇ ಉಳಿಯಿತು. ‘ಐ ವಿಲ್ ಸೆಂಡ್ ಇಟ್ ಬೈ ಫ್ರೈಡೇ’ ಎಂದು ಬರೆ. ನಮ್ಮ ‘ಒಳಗೆ’ ಎಂಬುದನ್ನು ನೆಚ್ಚಿ ‘ವಿತಿನ್ ಫ್ರೈಡೇ’ ಎನ್ನಬೇಡ. ‘ವಿತಿನ್’ ಎಂಬುದು ‘ತ್ರೀ ಡೇಸ್’ ಎಂಬಂತಹ ಅವಧಿಗೆ ಹೊಂದುತ್ತದೆ. ‘ಬಿಫೋರ್ ಫ್ರೈಡೇ’ ಎಂದರೆ ಗುರುವಾರವೇ ಮುಗಿಸಬೇಕಾದೀತು. ತಿಂಗಳನ್ನು ಅಕ್ಷರದಲ್ಲೇ ಬರೆ, ಏಕೆಂದರೆ ಅಲ್ಲಿಯವರು 6/7 ಎಂಬುದನ್ನು ಜೂನ್ 7 ಎಂದು ಓದುತ್ತಾರೆ. ಸಂಜೆ ಐದು ಗಂಟೆ ಎನ್ನುವುದಾದರೆ ಯಾರ ಊರಿನ ಐದು ಗಂಟೆ ಎಂಬುದನ್ನೂ ಸೇರಿಸು.